ಭಾವನ ಚಾಕುವಿಗೆ ಹನ್ನೊಂದು ಹತಾರ, ನನ್ನದಕ್ಕೆ ಒಂದೇ ಅಲಗು

ಗಂಡಸಿನ ಯೋಗ್ಯತೆ ತಿಳಿಯಬೇಕಿದ್ದರೆ ಅವನ ತೋಟ ನೋಡಬೇಕಾಗಿಲ್ಲ, ಜೀಪು ನೋಡಬೇಕಾಗಿಲ್ಲ, ಬಲಗಡೆ ಜೇಬಿನಲ್ಲಿರುವ ಚಾಕು ತೆಗೆಸಿ ನೋಡಿದರೆ ಸಾಕು. ಇದನ್ನು ನಾನು ಸೋಮವಾರಪೇಟೆ ಸಂತೆಯಲ್ಲಿ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಜೇಬಿನಲ್ಲಿ ಚಾಕುವೇ ಇಲ್ಲದವನನ್ನು ನಾನು ಗಂಡಸರ ಲೆಕ್ಕಕ್ಕೂ ಹಿಡಿಯುವುದಿಲ್ಲ, ಹೆಂಗಸರ ಲೆಕ್ಕಕ್ಕೂ ಹಿಡಿಯುವುದಿಲ್ಲ. ಹೆಂಗಸರ ಹತ್ತಿರ ಕಡೇಪಕ್ಷ ಈಳಿಗೆಮಣೆಯಾದರೂ ಇರುತ್ತದೆ.

ನನ್ನ ಚಾಕುವಿನ ವರ್ಣನೆಯನ್ನು ಮೊದಲೇ ಮಾಡಿಬಿಡುತ್ತೇನೆ, ಯಾಕೆಂದರೆ ಬೇರೆ ಯಾರೂ ಮಾಡುವುದಿಲ್ಲ. ಮಡಚಿದರೆ ಅಂಗೈಯೊಳಗೆ ಮಾಯ, ಬಿಚ್ಚಿದರೆ ಗೇಣಿಗೆ ಎರಡು ಬೆರಳು ಕಡಿಮೆ. ಅಲಗು ಒಂದೇ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ತಟ್ಟಿದ ಉಕ್ಕು. ಹಿಡಿ ಮುದಿ ಅರೇಬಿಕಾ ಗಿಡದ ಬುಡದ ಕಟ್ಟಿಗೆಯದು, ಕೈಯ ಬೆವರು ಕುಡಿದು ಕುಡಿದು ಈಗ ಹಳೇ ಬೆಲ್ಲದ ಬಣ್ಣಕ್ಕೆ ಬಂದಿದೆ. ಮೂತಿ ಚೂಪಿಲ್ಲ, ಮೊಂಡಾಗಿ ಕೆಳಕ್ಕೆ ಬಾಗಿದೆ. ಅಡಿಕೆ ಹೋಳು ಮಾಡುವವನಿಗೆ ಚೂಪು ಮೂತಿ ಯಾಕೆ ಬೇಕು? ಅದು ಬೇಕಾಗುವುದು ಪೊಲೀಸ್ ಸ್ಟೇಷನ್ ನೋಡುವ ಆಸೆ ಇದ್ದವನಿಗೆ. ಉಗುರು ಹಾಕಿ ಎಳೆಯುವ ಗೀರನ್ನು ಕುಲುಮೆಯ ಆಚಾರಿಯ ತಲೆ ತಿಂದು ಆಳವಾಗಿ ಕೊರೆಸಿದ್ದೇನೆ, ಚಳಿಗಾಲದಲ್ಲಿ ಬೆರಳು ಮರಗಟ್ಟಿದರೂ ಸಿಗಬೇಕು ಅಂತ. ಮಡಚುವಾಗ ಟಕ್ ಎನ್ನುತ್ತದೆ. ಆ ಟಕ್ ಕೇಳಿದರೆ ಪಕ್ಕದ ಅಂಗಡಿಯವನೂ ತಿರುಗಿ ನೋಡಬೇಕು, ನೋಡುತ್ತಾನೆ.

ಆ ಲಾರಿ ಯಾವುದು ಎಂದು ಕೇಳಿದವರಿಗೆ ಮುಖ ನೋಡಿ ಉತ್ತರ ಕೊಡುತ್ತೇನೆ. ಕೆಲವರಿಗೆ ಅದು ಸಂಪಾಜೆ ಘಾಟಿಯಲ್ಲಿ ಮಗುಚಿಬಿದ್ದ ಲಾರಿ. ಹೋಂಸ್ಟೇಗೆ ಬಂದ ಬೆಂಗಳೂರಿನ ಗಡ್ಡದವರಿಗೆ ಅದು ಲಾರಿಯೇ ಅಲ್ಲ, ಬಿಳಿಯ ದೊರೆ ಬಿಟ್ಟುಹೋದ, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಚಕ್ರ. ಅವರಲ್ಲೊಬ್ಬ ಅಲಗಿನ ಕಪ್ಪು ಕಲೆಗಳನ್ನು ಮುಟ್ಟಿ ಎಷ್ಟು ಶತಮಾನದ್ದು ಎಂದು ಕೇಳಿದ್ದ. ಹಿಂದಿನ ದಿನ ಕೊಯ್ದ ಬಾಳೆಹೂವಿನ ಕಲೆ ಅದು. ಎರಡು ಶತಮಾನ ಎಂದೆ. ಅವನು ಫೋಟೊ ಹೊಡೆದುಕೊಂಡ.

ಇನ್ನು ಭಾವನ ಚಾಕು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಮಿಲಿಟರಿಯಿಂದ ರಿಟೈರಾದವನು. ಅವನು ನನ್ನನ್ನು ಕರೆಯುವುದೂ ಭಾವ ಎಂದೇ. ನಮ್ಮ ತೋಟ ದಾಟಿ ಹಳ್ಳ ದಾಟಿದರೆ ಅವನ ತೋಟ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರಾದ್ದರಿಂದ ನಮ್ಮಿಬ್ಬರ ನಡುವೆ ಬಹುವಚನ ಬೆಳೆಯಲೇ ಇಲ್ಲ. ಅವನ ಜೇಬಿನಲ್ಲಿರುವುದು ಪರದೇಶದ ಕೆಂಪು ಹಿಡಿಯ ಸ್ಟೇನ್‌ಲೆಸ್ ಚಾಕು. ಅದರೊಳಗೆ ಹನ್ನೊಂದು ಹತಾರ: ಎರಡು ಅಲಗು, ಕತ್ತರಿ, ಗರಗಸ, ಡಬ್ಬಿ ತೆರೆಯುವುದು, ಬಾಟ್ಲಿ ತೆರೆಯುವುದು, ಮುಳ್ಳು ಕೀಳುವ ಚಿಮಟ, ಹಲ್ಲುಕಡ್ಡಿ, ಇನ್ನು ಮೂರು ಯಾತಕ್ಕೆ ಎಂದು ಅವನಿಗೂ ಗೊತ್ತಿಲ್ಲ. ಗರಗಸದಲ್ಲಿ ಅವನು ಇವತ್ತಿನವರೆಗೆ ಕೊಯ್ದಿದ್ದು ಒಂದು ಕ್ಯಾರೆಟ್ಟು, ಅದೂ ನನಗೆ ತೋರಿಸುವುದಕ್ಕೆ. ಹನ್ನೊಂದು ಜನ ಕೆಲಸದವರನ್ನು ಇಟ್ಟುಕೊಂಡು ಹತ್ತು ಜನರನ್ನು ಲೈನ್ ಮನೆಗಳಲ್ಲೇ ಮಲಗಿಸಿದ ಎಸ್ಟೇಟು ಅದು ಎಂದು ನಾನು ಹೇಳುತ್ತಿದ್ದೆ.

ಭಾವ ಮೊಬೈಲಿನಲ್ಲಿ ಚಾಕುಗಳ ವಿಡಿಯೊ ನೋಡುತ್ತಾನೆ. ಅದರಲ್ಲಿ ದಪ್ಪ ತೋಳಿನ ಹೊರದೇಶದವರು ಗಾಳಿಯಲ್ಲಿ ಕಾಗದ ಹಿಡಿದು ಕೊಯ್ದು ತೋರಿಸಿ ಉಕ್ಕಿನ ನಂಬರು ಹೇಳುತ್ತಾರೆ. ಭಾವ ಆ ನಂಬರುಗಳನ್ನು ಬಾಯಿಪಾಠ ಮಾಡಿಕೊಂಡು ಸಂತೆಗೆ ಬರುತ್ತಿದ್ದ. ನಮ್ಮೂರಲ್ಲಿ ಗಾಳಿಯಲ್ಲಿ ಕಾಗದ ಕೊಯ್ಯುವ ಕೆಲಸ ಯಾರಿಗಿದೆ ಎಂದು ನಾನು ಕೇಳುತ್ತಿದ್ದೆ. ಅವನ ವಾದ ಒಂದೇ: ಕೊಡಗಿನ ಮಳೆಯಲ್ಲಿ ತುಕ್ಕು ಹಿಡಿಯದ್ದೇ ಉಕ್ಕು. ನನ್ನ ವಾದವೂ ಒಂದೇ: ತುಕ್ಕು ಹಿಡಿಯುವ ಉಕ್ಕಿಗೆ ಮಾತ್ರ ಬಾಯಿ, ಅಂದರೆ ಹರಿತ, ಬರುತ್ತದೆ. ಕಾಫಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಒರಟು ಬಳೆಯ ಮೇಲೆ ನನ್ನ ಅಲಗನ್ನು ನಾಲ್ಕು ಸಲ ಎಳೆದರೆ ಮುಂಗೈ ರೋಮ ಬೋಳಾಗುತ್ತದೆ. ನಮ್ಮ ಮನೆಯ ಪಿಂಗಾಣಿ ಕಪ್ಪುಗಳ ತಳವೆಲ್ಲ ಅದರ ಕಪ್ಪು ಗೀಟು. ನನ್ನ ಹೆಂಡತಿ ಮದುವೆಯಾದ ವರ್ಷದಿಂದ ಇದರ ಬಗ್ಗೆ ಮಾತಾಡುತ್ತಿದ್ದಾಳೆ, ಇನ್ನೂ ಮುಗಿದಿಲ್ಲ.

ಒಂದು ಸೋಮವಾರ ಸಂತೆ ಬೆಂಚಿನ ಮೇಲೆ ಕಿತ್ತಳೆ ಪರೀಕ್ಷೆ ನಡೆಯಿತು. ನನ್ನ ಚಾಕುವಿನಲ್ಲಿ ಕೊಯ್ದ ಕಿತ್ತಳೆ ಕಬ್ಬಿಣ ಕಬ್ಬಿಣ ಅನ್ನುತ್ತದೆ ಎಂದು ಭಾವನ ದೂರು. ಸರಿ, ಕಣ್ಣು ಮುಚ್ಚು ಎಂದೆ. ಅವನದೇ ಸ್ಟೇನ್‌ಲೆಸ್ಸಿನಲ್ಲಿ ಕೊಯ್ದು ಬಾಯಿಗಿಟ್ಟೆ. ಥೂ, ಕಬ್ಬಿಣ ಎಂದು ಉಗಿದ. ಬೆಂಚಿನಲ್ಲಿದ್ದವರು ಎರಡು ಸೋಮವಾರ ನಕ್ಕರು. ಸೇಡಿಗೆ ಅವನು ಆಷಾಢದ ಮಳೆಯಲ್ಲಿ ನನ್ನ ಚಾಕುವನ್ನು ಎಗರಿಸಿ, ಒದ್ದೆ ಗೋಣಿಯೊಳಗೆ ಮೂರು ದಿನ ಸುತ್ತಿಟ್ಟು, ಕೆಂಪು ತುಕ್ಕಿನೊಂದಿಗೆ ವಾಪಸು ಕೊಟ್ಟು, ಈಗ ನನ್ನದರ ಬಣ್ಣ ಬಂತಲ್ಲ ಎಂದ. ಇಂಥ ಭಾವ ಇದ್ದರೆ ಮನುಷ್ಯನಿಗೆ ಬೇರೆ ವ್ಯಾಯಾಮ ಬೇಡ.

ಈ ಭಾವನ ಜೊತೆ ನನ್ನ ಮಾತು ನಿಂತುಹೋಯಿತು. ಅದೂ ಎರಡು ಮಳೆಗಾಲ.

ಆದದ್ದು ಇಷ್ಟು. ನಮ್ಮ ಕಡೆ ಚಾಕು ಕತ್ತಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ. ಇದನ್ನು ನಾನು ನಂಬುತ್ತೇನೋ ಇಲ್ಲವೋ ಬೇರೆ ಮಾತು, ಆದರೆ ಇದರಿಂದ ನನಗೆ ಬಹಳ ಉಪಯೋಗವಾಗಿದೆ. ದೊಡ್ಡಸ್ತಿಕೆಯವರು ಯಾರಾದರೂ ಚಾಕು ಕೇಳಿದರೆ ಅವರ ಕಾಲ ಬುಡದಲ್ಲಿ ಇಡುತ್ತಿದ್ದೆ. ಎಂಥೆಂಥ ಹೊಟ್ಟೆಗಳು ಬಗ್ಗಿದ್ದನ್ನು ನೋಡಿದ್ದೇನೆ.

ಅವತ್ತು ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಭಾವ ತನ್ನ ಮನೆ ಪಕ್ಕದ ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಕಟ್ಟುತ್ತ ಏಣಿಯ ಐದನೇ ಮೆಟ್ಟಿಲಲ್ಲಿ ನಿಂತಿದ್ದ. ನಾನು ಕೆಳಗೆ ಏಣಿ ಹಿಡಿದಿದ್ದೆ. ಹಿಂದಿನ ದಿನ ಅವನು ಅಲಗಿಗೆ ಎಣ್ಣೆ ಸವರದೆ ಹಲಸಿನಹಣ್ಣು ಕೊಯ್ದು, ಮೇಣ ಒರೆಸದೆ ಮಡಚಿಟ್ಟಿದ್ದ. ಈಗ ಹನ್ನೊಂದರಲ್ಲಿ ಒಂದೂ ಬಿಚ್ಚಿಕೊಳ್ಳಲೊಲ್ಲದು. ಉಗುರು ಮುರಿದುಕೊಂಡು, ಸಿಟ್ಟಿನಲ್ಲಿ ಅದನ್ನು ಕೆಳಗೆ ಎಸೆದ.

“ಭಾವ, ನಿನ್ ಚಾಕು ಕೊಡು ಇಲ್ಲಿ.”

“ಯಾಕೆ, ಹನ್ನೊಂದರಲ್ಲಿ ಒಂದೂ ಕೆಲಸಕ್ ಬಂದಿಲ್ವಾ ಇವತ್ತು?”

“ಮೇಣ ಕಚ್ಕೊಂಡೈತೆ. ಸುಮ್ನೆ ಕೊಡೋ.”

ಏಣಿ ಮೇಲಿರುವವನಿಗೆ ಕೆಳಗಿಟ್ಟು ಕೊಡುವುದು ಹೇಗೆ? ಒಂದು ಬುಟ್ಟಿಗೆ ಹಾಕಿ ಹಗ್ಗದಲ್ಲಿ ಎಳೆಸಬಹುದಿತ್ತು. ಆದರೆ ಅವನು ನನ್ನ ಚಾಕು ಕೇಳಿದ ಆ ಗಳಿಗೆ ತಪ್ಪಿಹೋಗಬಾರದಿತ್ತು ನನಗೆ. ಕೈ ಚಾಚಿ ಅವನ ಕೈಗೇ ಕೊಟ್ಟೆ. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಅಯ್ಯೋ ಕೈಗೆ ಕೊಡಬ್ಯಾಡಿ ಎಂದು ಕೂಗಿದ್ದು ತಡವಾಯಿತು.

ನೈಲಾನ್ ದಾರ ಒಂದೇ ಏಟಿಗೆ ತುಂಡಾಯಿತು. ಈಗ ಹೇಳು, ಯಾವುದು ಚಾಕು ಎಂದು ಕೆಳಗಿನಿಂದ ಕೇಳಿದೆ. ಅವನು ಬಳ್ಳಿಗೆ ಗಂಟು ಹಾಕುತ್ತಿದ್ದ. ಎರಡು ಸಲ ಕೇಳಿದೆ. ಇದು ಚಾಕಲ್ಲ, ಲಾರಿ ಎಂದ. ಮೆಣಸಿನ ಬುಡಕ್ಕೆ ಮಣ್ಣು ಏರಿಸುತ್ತಿದ್ದ ಇಬ್ಬರು ಕೆಲಸದವರು ನಕ್ಕರು. ನಗಿಸುವುದು ನನ್ನ ಹಕ್ಕು. ಅದನ್ನು ಅವನು ಕಿತ್ತುಕೊಂಡನಲ್ಲ ಎಂದು ನನಗೆ ಚುರುಕ್ಕೆಂದಿತು.

“ಮಿಲ್ಟ್ರಿ ಸ್ಟೋರಲ್ಲಿ ಇಪ್ಪತ್ ವರ್ಷ ಬ್ರೆಡ್ ಕೊಯ್ದೋನಿಗೆ ಉಕ್ಕಿನ ಗುಣ ಎಲ್ಲಿಂದ ಗೊತ್ತಾಗ್ಬೇಕು?” ಎಂದೆ.

ಕೆಲಸದವರು ಇನ್ನೂ ಜೋರಾಗಿ ನಕ್ಕರು. ಭಾವ ನಗಲಿಲ್ಲ. ಅವನು ಸ್ಟೋರಿನಲ್ಲಿದ್ದದ್ದು ಊರಿಗೆಲ್ಲ ಗೊತ್ತು, ಆದರೆ ಊರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸ್ವಾತಂತ್ರ್ಯ ದಿನ ಶಾಲೆಯಲ್ಲಿ ಅವನೇ ಬಾವುಟ ಏರಿಸುವವನು. ಒಂದೊಂದೇ ಮೆಟ್ಟಿಲು ಇಳಿದ. ನನ್ನ ಚಾಕು ಮಡಚಿದ. ಟಕ್ ಎಂದಿತು. ಅದನ್ನು ತನ್ನ ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಏಣಿಯ ಬುಡದಲ್ಲಿ ಬಿದ್ದಿದ್ದ ಕೆಂಪು ಚಾಕು ಎತ್ತಿಕೊಂಡು ಮನೆಗೆ ಬಂದೆ. ಅಲ್ಲಿಗೆ ಇಬ್ಬರ ಜೇಬಿನಲ್ಲೂ ಇನ್ನೊಬ್ಬನ ಚಾಕು.

ಕೈಯಿಂದ ಕೈಗೆ ಕೊಟ್ಟಿದ್ದಕ್ಕೇ ಹೀಗಾಯಿತು ಎಂದು ಎರಡೂ ಮನೆಯಲ್ಲಿ ತೀರ್ಮಾನವಾಯಿತು. ಎಲ್ಲರಿಗಿಂತ ಗಟ್ಟಿಯಾಗಿ ಒಪ್ಪಿಕೊಂಡವನು ನಾನು. ಶಾಸ್ತ್ರ ಸಂಪ್ರದಾಯ ಎಂದರೆ ಹಲ್ಲು ಕಿರಿಯುತ್ತಿದ್ದ ನನ್ನ ಬಾಯಲ್ಲಿ, ಹಿರಿಯರು ಸುಮ್ಮನೆ ಹೇಳಿದ್ದಾರಾ ಎಂಬ ಮಾತು ಬಂತು. ತಪ್ಪು ಚಾಕುವಿನದು ಎಂದಾದರೆ ನಾಲಿಗೆಯ ವಿಚಾರಣೆ ನಡೆಯುವುದಿಲ್ಲ, ಇದಕ್ಕಿಂತ ಅನುಕೂಲದ ಸಂಪ್ರದಾಯ ಇನ್ನೊಂದು ನನಗೆ ಸಿಕ್ಕಿಲ್ಲ.

ಆದರೆ ಸೋಮವಾರಗಳು ಉದ್ದವಾದವು. ಭಾವ ಸಂತೆಗೆ ಬರುವುದನ್ನು ಬಿಟ್ಟು ಸಾಮಾನಿಗೆ ಕುಶಾಲನಗರಕ್ಕೆ ಹೋಗತೊಡಗಿದ. ಬೆಂಚಿನಲ್ಲಿ ನಾನು ಒಬ್ಬನೇ ಕೂತು ಕೀಟಲೆಗೆ ಬೇರೆ ಗಿರಾಕಿ ಹುಡುಕಿದೆ. ಹಾರ್ಡ್‌ವೇರ್ ಅಂಗಡಿಯವನ ಚಪ್ಪಲಿ ಬಚ್ಚಿಟ್ಟೆ. ಅವನು ಬರಿಗಾಲಲ್ಲಿ ಸಂಜೆಯವರೆಗೆ ವ್ಯಾಪಾರ ಮಾಡಿ, ಹೊಸದೊಂದು ಜೊತೆ ಕೊಂಡು ಮನೆಗೆ ಹೋದ. ಇಂಥವರ ಜೊತೆ ಹೇಗೆ ಬಾಳುವುದು? ಭಾವನಾಗಿದ್ದರೆ ಮರುದಿನ ನನ್ನ ಜೀಪಿನ ಸೀಟಿನ ಕೆಳಗೆ ಕೆಂಜಿಗದ ಗೂಡು ಇರುತ್ತಿತ್ತು.

ಇನ್ನು ಆ ಕೆಂಪು ಚಾಕು. ಸೀಮೆಎಣ್ಣೆಯಲ್ಲಿ ನೆನೆಹಾಕಿ ಮೇಣ ಬಿಡಿಸಿದೆ. ಮುಟ್ಟುವುದಿಲ್ಲ ಎಂದು ಹೇಳಿದ್ದೆ. ಆದರೆ ಬರಿ ಜೇಬು ಎಂದರೆ ತೊಡೆಗೆ ಏನೋ ಕಳೆದುಕೊಂಡಂತೆ. ಒಂದು ದಿನ ಅದರ ಕತ್ತರಿಯಲ್ಲಿ ಮೀಸೆ ಸವರಿಕೊಂಡೆ, ಬರೀ ಪರೀಕ್ಷೆಗೆ. ಬಹಳ ಚೆನ್ನಾಗಿ ಸವರಿತು. ಚಿಮಟದಲ್ಲಿ ಕಿತ್ತಳೆ ಗಿಡದ ಮುಳ್ಳು ತೆಗೆದೆ. ಹಲ್ಲುಕಡ್ಡಿಯ ವಿಷಯ ಹೇಳುವುದೇ ಬೇಡ, ಹಂದಿಮಾಂಸದ ಊಟದ ನಂತರ ಅದರಂಥ ಸಂಗಾತಿ ಇಲ್ಲ. ಮಳೆ ಬಂತು, ಮಂಜು ಬಂತು, ಅಲಗು ಕನ್ನಡಿಯ ಹಾಗೇ ಇತ್ತು. ಸಂತೆಯಲ್ಲಿ ಯಾರಾದರೂ ಕೇಳಿದರೆ, ಕೆಲಸಕ್ಕೆ ಬಾರದ ಚಾಕು ಎನ್ನುತ್ತಿದ್ದೆ. ಹಾಗೆ ಹೇಳುವಾಗ ಮೀಸೆ ಮಾತ್ರ ನೀಟಾಗಿರುತ್ತಿತ್ತು.

ನನ್ನ ಚಾಕುವಿನ ಚಿಂತೆ ಇನ್ನೊಂದು ಕಡೆ. ಎರಡು ಮಳೆಗಾಲ. ಎಣ್ಣೆ ಸವರದೆ ಬಿಟ್ಟರೆ ಅಷ್ಟು ಹೊತ್ತಿಗೆ ಅದು ಕೆಂಪು ಪುಡಿ. ಹೆಂಡತಿ ತವರಿಗೆ ಹೋಗಿ ಬಂದಾಗಲೆಲ್ಲ ಸುತ್ತಿಬಳಸಿ ಕೇಳುತ್ತಿದ್ದೆ. ಅಣ್ಣ ಚೆನ್ನಾಗಿದ್ದಾನೆ, ಸೊಂಟಕ್ಕೆ ಡಾಕ್ಟರು ಬೆಲ್ಟು ಕೊಟ್ಟಿದ್ದಾರೆ ಎನ್ನುತ್ತಿದ್ದಳು. ಚಾಕು? ಐತೆ ಎನ್ನುತ್ತಿದ್ದಳು. ಅಷ್ಟೇ. ಅವಳೂ ಆ ಮನೆಯ ಮಗಳೇ ತಾನೇ.

ಕೊನೆಗೆ ದಾರಿ ತೆರೆದದ್ದು ಆಯುಧಪೂಜೆ. ಕತ್ತಿ, ಗುದ್ದಲಿ, ಕೋವಿ, ಜೀಪು ಎಲ್ಲಕ್ಕೂ ಅವತ್ತು ಕುಂಕುಮ ಹೂವು. ಹಿಂದಿನ ವರ್ಷ ನಮ್ಮ ಮನೆಯ ಸಾಲಿನಲ್ಲಿ ಕೆಂಪು ಚಾಕು ಇಟ್ಟಿದ್ದೆ. ಅಣ್ಣನ ಮನೆ ಆಯುಧಕ್ಕೆ ಇಲ್ಲಿ ಪೂಜೆ ಮಾಡುವುದಿಲ್ಲ ಎಂದು ಹೆಂಡತಿ ತೆಗೆದಿಟ್ಟಿದ್ದಳು. ಅಲ್ಲಿ ಅಕ್ಕನೂ ನನ್ನ ಚಾಕುವನ್ನು ಹಾಗೇ ತೆಗೆದಿಟ್ಟಿದ್ದರಂತೆ. ಪೂಜೆಯಿಲ್ಲದೆ ಉಳಿದ ಎರಡು ಚಾಕುಗಳಿಂದಲೇ ನನ್ನ ಮಂಡಿ, ಭಾವನ ಸೊಂಟ ಎರಡೂ ಹೋದವು ಎಂದು ನಾದಿನಿ ಅತ್ತಿಗೆ ಸೇರಿ ಫೋನಿನಲ್ಲಿ ಗೊತ್ತುಮಾಡಿದರು. ಪರಿಹಾರವನ್ನೂ ಅವರೇ ಹೇಳಿದರು. ಪೂಜೆಯ ಹಿಂದಿನ ದಿನ ಇಬ್ಬರೂ ಭಾವನ ಮನೆಯ ಕಾಫಿ ಕಣದಲ್ಲಿ ಚಾಕು ನೆಲಕ್ಕಿಡಬೇಕು, ಅವರವರದನ್ನು ಅವರವರು ಎತ್ತಿಕೊಳ್ಳಬೇಕು. ಕೈಗೆ ಕೊಟ್ಟ ದೋಷ ಅಲ್ಲಿಗೆ ಹೋಯಿತು.

ನಾನು ಒಪ್ಪಿದೆ. ಮೇಲೆ ಬೇಸರದ ಮುಖ, ಒಳಗೆ ಹಬ್ಬ. ಭಾವ ನನ್ನ ಮುಂದೆ ಬಗ್ಗುತ್ತಾನೆ. ಇಂಥ ಅವಕಾಶ ಬರಿದೇ ಬಿಟ್ಟರೆ ನನ್ನ ಹೆಸರಿಗೆ ಕುಂದು. ಹಾರಂಗಿಯಲ್ಲಿ ಗಾಳ ಹಾಕುವಾಗ ಬಳಸುವ ನೈಲಾನ್ ಎಳೆ ಮನೆಯಲ್ಲಿತ್ತು, ಕಣ್ಣಿಗೆ ಕಾಣದಷ್ಟು ಸಣ್ಣದು. ಅದರ ಒಂದು ತುದಿಯನ್ನು ಕೆಂಪು ಚಾಕುವಿನ ಬಳೆಗೆ ಕಟ್ಟಿದೆ, ಇನ್ನೊಂದು ತುದಿಗೆ ನನ್ನ ಬೆರಳಿಗೊಂದು ಕುಣಿಕೆ. ಭಾವ ಬಗ್ಗುತ್ತಾನೆ, ಚಾಕು ಸರಿಯುತ್ತದೆ, ಮತ್ತೆ ಬಗ್ಗುತ್ತಾನೆ, ಮತ್ತೆ ಸರಿಯುತ್ತದೆ. ಹೋಗುವ ದಾರಿಯಲ್ಲಿ ಜೀಪಿನಲ್ಲಿ ಒಬ್ಬನೇ ನಗುತ್ತಿದ್ದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

ಭಾವ ಅಂಗಿಯ ಮೇಲೇ ಸೊಂಟದ ಬೆಲ್ಟು ಕಟ್ಟಿಕೊಂಡು, ಕೋಲು ಹಿಡಿದು ಜಗಲಿಯಲ್ಲಿದ್ದ. ನನ್ನನ್ನು ನೋಡಲಿಲ್ಲ, ನನ್ನ ಮೀಸೆ ನೋಡಿದ. ಚಾಕು ಇಡುವ ಕೆಲಸ ಸುಲಭವಾಯಿತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕೈ ಚಾಚಿ ಕಣದ ಮೇಲೆ ಇಟ್ಟೆವು. ಎತ್ತಿಕೊಳ್ಳುವಾಗ ಮಾತ್ರ ಕೂತು ಎತ್ತಬಾರದು, ಪೂರ್ವಕ್ಕೆ ಮುಖ ಮಾಡಿ ನಿಂತು ಬಗ್ಗಬೇಕು ಎಂದರು ಅಕ್ಕ. ಇಂಥ ಶಾಸ್ತ್ರ ನಾನು ಎಲ್ಲೂ ಕೇಳಿಲ್ಲ. ಈಗ ಯೋಚಿಸಿದರೆ, ಆ ಮನೆಯಲ್ಲಿ ಕೀಟಲೆಯ ನಿಜವಾದ ಪ್ರತಿಭೆ ಅವರದೇ ಇರಬೇಕು.

ಇಬ್ಬರೂ ನಿಂತೆವು. ಯಾರು ಮೊದಲು ಬಗ್ಗುವುದು? ನಾನು ಸಿಲ್ವರ್ ಮರ ನೋಡಿದೆ. ಅವನು ಪಲ್ಪರ್ ಶೆಡ್ಡು ನೋಡಿದ. ನನ್ನ ಹೆಂಡತಿ ಒಳಗೆ ಹೋಗಿ ಒಲೆ ಮೇಲಿದ್ದ ಹಾಲು ಇಳಿಸಿ ಬಂದಳು. ನಾವು ಹಾಗೇ ನಿಂತಿದ್ದೆವು.

ಬಗ್ಗಿದವನು ಭಾವ. ಕೋಲನ್ನು ಕಂಬಕ್ಕೆ ಒರಗಿಸಿ, ಒಂದು ಕೈ ತೊಡೆಗೆ ಊರಿ, ಸ್ವಲ್ಪ ಬಗ್ಗಿ ನಿಂತ. ಉಸಿರು ಬಿಟ್ಟ. ಇನ್ನೂ ಸ್ವಲ್ಪ. ಬೆಲ್ಟು ಕಿರ್ ಎಂದಿತು. ಚಾಚಿದ ಬೆರಳಿಗೂ ಚಾಕುವಿಗೂ ಅರ್ಧ ಗೇಣು. ನನ್ನ ಬೆರಳು ಕುಣಿಕೆಯಲ್ಲಿತ್ತು. ಶಾಲೆಯಿಂದಲೂ ಅವನು ನನಗಿಂತ ಎತ್ತರ, ಅವನ ನೆತ್ತಿಯನ್ನು ನಾನು ನೋಡಿದ್ದೇ ಇಲ್ಲ. ಪೂರ್ತಿ ಬೋಳಾಗಿತ್ತು. ಅಲ್ಲಿ ಇಲ್ಲಿ ನಾಲ್ಕು ಕೂದಲು, ನಡುವೆ ಒಂದು ಹಳೇ ಗಾಯದ ಗುರುತು. ಅದು ಐದನೇ ತರಗತಿಯಲ್ಲಿ ನಾನು ಎಸೆದ ಸೀಬೆಕಾಯಿಯದು.

ಕುಣಿಕೆಯಿಂದ ಬೆರಳು ತೆಗೆದೆ.

ಅವನು ಚಾಕು ಹಿಡಿದು ಮೂರು ಕಂತಿನಲ್ಲಿ ನೆಟ್ಟಗಾದ. ಎಳೆಯೂ ಅದರ ಜೊತೆ ಎದ್ದು ಬಂತು. ಗಡಿಬಿಡಿಯಿಲ್ಲದೆ ಅದನ್ನು ಬೆರಳಿಗೆ ಸುತ್ತಿಕೊಂಡ.

“ಮೆಟ್ಲಲ್ಲಿ ಕೂತಾಗ್ಲೇ ಕಂಡಿದ್ದೆ ಇದು. ಯಾಕೆ ಎಳೀಲಿಲ್ಲ?”

“ಬೆರಳು ಜಾರ್ತು.”

“ಜಾರ್ಲಿಲ್ಲ,” ಎಂದ. “ವಯಸ್ಸಾಯ್ತು ಭಾವ ನಿಂಗೆ.”

ಎರಡು ಮಳೆಗಾಲದ ನಂತರ ಅವನು ಆಡಿದ ಮೊದಲ ಮಾತು ಇದು. ಎಳೆ ಕಂಡಿದ್ದೂ ಅವನು ಬಗ್ಗಿದ್ದ. ಅದನ್ನು ಅರ್ಥ ಮಾಡಿಕೊಳ್ಳುತ್ತಲೇ ನಾನು ನನ್ನ ಚಾಕುವಿಗೆ ಬಗ್ಗಿದೆ. ಮಂಡಿ ಲಟಕ್ ಎಂದಿತು. ಇನ್ನೇನು ಬೆರಳು ತಾಗಬೇಕು, ಚಾಕು ಮುಂದಕ್ಕೆ ಸರಿಯಿತು. ಕೋಲಿನ ತುದಿ. ಮತ್ತೆ ಚಾಚಿದೆ, ಮತ್ತೆ ಸರಿಯಿತು. ಪೂಜೆಯ ಸಾಮಾನನ್ನು ಕೋಲಲ್ಲಿ ನೂಕುತ್ತೀರಾ ಎಂದು ಅಕ್ಕ ಬೈದರು. ಮೂರನೇ ಸಲಕ್ಕೆ ನಾನು ಕಣದ ಮೇಲೆ ಕುಕ್ಕರಿಸಿಬಿಟ್ಟೆ. ಭಾವ ಬೆಲ್ಟು ಹಿಡಿದುಕೊಂಡು ನಕ್ಕ. ನನ್ನನ್ನು ಎಬ್ಬಿಸಲು ಇಬ್ಬರು ಹೆಂಗಸರು ಬೇಕಾದರು. ಪೂರ್ವ ಯಾವ ಕಡೆ ಎಂದು ಆಮೇಲೆ ಯಾರೂ ಕೇಳಲಿಲ್ಲ.

ಜಗಲಿಯಲ್ಲಿ ಕೂತು ಚಾಕು ಬಿಚ್ಚಿದೆ. ತುಕ್ಕಿಲ್ಲ. ಒಂದು ಚುಕ್ಕೆಯೂ ಇಲ್ಲ. ಮೂಸಿ ನೋಡಿದೆ, ಕೋವಿಗೆ ಹಾಕುವ ಎಣ್ಣೆಯ ವಾಸನೆ. ಮುಂಗೈ ಮೇಲೆ ಎಳೆದೆ, ರೋಮ ಹಾರಿತು. ನಾನು ಕೊಟ್ಟಾಗ ಇಷ್ಟು ಬಾಯಿ ಇರಲಿಲ್ಲ, ಹೇಳಿಕೊಳ್ಳಲು ನನಗೆ ಕಷ್ಟ. ಅಕ್ಕ ಕಾಫಿ ತಂದರು. ಕುಡಿದು ಮುಗಿಸಿ, ನಮ್ಮ ಮನೆಯ ಅಭ್ಯಾಸದಂತೆ ಕಪ್ಪನ್ನು ಬೋರಲು ಹಾಕಿದೆ. ತಳದ ಬಳೆಯ ಸುತ್ತ ಕಪ್ಪು ಗೀಟುಗಳು. ಪಕ್ಕದ ಕಪ್ಪನ್ನೂ ಎತ್ತಿ ನೋಡಿದೆ. ಅದರಲ್ಲೂ.

“ಇದೇನ್ ಭಾವ?” ಎಂದೆ.

ಅವನು ಸಿಲ್ವರ್ ಮರದ ತುದಿಯಲ್ಲಿ ಏನೋ ಹುಡುಕುತ್ತಿದ್ದ. ಉತ್ತರ ಕೊಟ್ಟದ್ದು ಅಕ್ಕ. “ಎರಡು ವರ್ಷದಿಂದ ನಂ ಮನೇಲಿ ಒಂದು ಕಪ್ ಸರಿಯಾಗ್ ಉಳಿದಿಲ್ಲ ಕಣಪ್ಪ. ಭಾನುವಾರ ಬಂದ್ರೆ ಮಸೆಯೋದೇ ಮಸೆಯೋದು. ಕೇಳಿದ್ರೆ, ಅವ್ನಿಗೆ ವಾಪಸ್ ಕೊಡೋವಾಗ ಮಾತು ಬರಬಾರ್ದು ಅಂತಾರೆ.”

ಇಷ್ಟಾದ ಮೇಲೆ ನಾನು ಸುಮ್ಮನಿರಲು ಸಾಧ್ಯವಾಗಲಿಲ್ಲ. ಜೀವಮಾನದಲ್ಲಿ ನಾನು ಕ್ಷಮೆ ಕೇಳಿದ್ದು ಒಂದೆರಡು ಸಲ, ಅದೂ ತಪ್ಪು ಮಾಡದಿದ್ದಾಗ. ಅಭ್ಯಾಸವಿಲ್ಲದ ಬಾಯಿ. ಭಾವ, ಅವತ್ತು ಆ ಸ್ಟೋರಿನ ಮಾತು ಎಂದು ಶುರುಮಾಡಿ ಅಲ್ಲೇ ಸಿಕ್ಕಿಕೊಂಡೆ, ಅವನ ಚಾಕು ಮೇಣದಲ್ಲಿ ಸಿಕ್ಕಿಕೊಂಡ ಹಾಗೆ.

ಅವನು ಕಪ್ಪನ್ನು ಬೋರಲು ಹಾಕಿ, ನೆಟ್ಟಗೆ ಮಾಡಿ, ಮತ್ತೆ ಬೋರಲು ಹಾಕಿದ.

“ಬ್ರೆಡ್ ಕೊಯ್ದಿದ್ ನಿಜಾನೇ ಕಣ ಭಾವ,” ಎಂದ. “ದಿನಾ ಇನ್ನೂರು. ಆದ್ರೆ ಆ ಚಾಕು ಸ್ಟೇನ್‌ಲೆಸ್ ಅಲ್ಲ. ನಿಂದರ ಥರಾನೇ, ಕಪ್ಪು. ಅದ್ರಂಗೆ ಕೊಯ್ಯೋ ಚಾಕು ಮತ್ತೆ ನಾನ್ ನೋಡ್ಲಿಲ್ಲ.”

ಇಷ್ಟು ವರ್ಷದ ವಾದ ಅಲ್ಲಿಗೆ ನಾನು ಗೆದ್ದೆ. ಗೆದ್ದವನು ಕುಣಿಯಬೇಕಿತ್ತು. ಮಂಡಿಯಿಂದಾಗಿ ಆಗಲಿಲ್ಲ ಎಂದಿಟ್ಟುಕೊಳ್ಳಿ. ಮೀಸೆ ಸವರಲು ನಿನ್ನ ಕತ್ತರಿ ಪರವಾಗಿಲ್ಲ ಎಂದು ಮಾತ್ರ ಹೇಳಿದೆ. ಮನೆ ಬಾಗಿಲಿಗೆ ಬಂದಾಗಲೇ ಗೊತ್ತಾಯ್ತು ಎಂದ.

ಮರುದಿನ ಎರಡೂ ಚಾಕು ಅವರವರ ಮನೆಯ ಸಾಲಿನಲ್ಲಿ ಕುಂಕುಮ ಹಚ್ಚಿಕೊಂಡು ಕೂತವು. ಈಗ ಸೋಮವಾರ ಬೆಂಚಿನಲ್ಲಿ ಇಬ್ಬರೂ ಇರುತ್ತೇವೆ. ಭಾವ ಮತ್ತೆ ಸ್ಟೇನ್‌ಲೆಸ್ ಪಕ್ಷಕ್ಕೆ ಸೇರಿದ್ದಾನೆ, ಆ ದಿನ ಜಗಲಿಯಲ್ಲಿ ಏನನ್ನೂ ಹೇಳಿಲ್ಲ ಎಂದು ವಾದಿಸುತ್ತಾನೆ. ಮೊನ್ನೆ ಊಟವಾದ ಮೇಲೆ ಕೆಂಪು ಚಾಕುವನ್ನು ತಿರುಗಿಸಿ ತಿರುಗಿಸಿ ನೋಡುತ್ತ, ಇದರ ಹಲ್ಲುಕಡ್ಡಿ ಎಲ್ಲಿ ಹೋಯಿತು ಎಂದು ಕೇಳಿದ. ಏಣಿಯಿಂದ ಎಸೆದಾಗ ಎಲ್ಲೋ ಬಿದ್ದುಹೋಗಿರಬೇಕು ಎಂದೆ. ಮೆಣಸಿನ ಬುಡದಲ್ಲಿ ಹುಡುಕಿಸುತ್ತೇನೆ ಎಂದ. ಹುಡುಕಿಸು ಎಂದು ಹೇಳಿ ನಾನು ಅಡಿಕೆ ಹೋಳು ಮಾಡತೊಡಗಿದೆ, ನನ್ನ ಅಂಗಿ ಜೇಬನ್ನು ಎಡಗೈಯಲ್ಲಿ ಒಮ್ಮೆ ಮುಟ್ಟಿ ನೋಡಿಕೊಂಡು.